‘ಕಡಿಮೆ ಬೆಲೆ ಮೊದಲು’ ಒತ್ತಿದರೆ ಎಲ್ಲಕ್ಕಿಂತ ಅಗ್ಗದ್ದೇ ಮೇಲೆ ಬರುತ್ತದೆಯೇ?

ಆ್ಯಪ್‌ನಲ್ಲಿ ‘ಕಡಿಮೆ ಬೆಲೆ ಮೊದಲು’ ಎಂದು ಒತ್ತಿ, ಮೇಲೆ ಬಂದದ್ದರ ಸ್ಕ್ರೀನ್‌ಶಾಟ್ ತೆಗೆದು, ‘ಇದಕ್ಕಿಂತ ಅಗ್ಗ ಇದರಲ್ಲಿ ಇಲ್ಲ’ ಎಂದು ಗ್ರೂಪಿಗೆ ಕಳಿಸುವವರಿದ್ದಾರೆ. ಅದು ಯಾವಾಗಲೂ ನಿಜವಲ್ಲ.

ಯಾಕೆ ಹೀಗೆ?

ವಸ್ತುಗಳ ವಿವರವೆಲ್ಲ ಸರ್ವರ್‌ನ ಡೇಟಾಬೇಸ್‌ನಲ್ಲಿರುತ್ತದೆ. ಅಲ್ಲಿ 500 ಕುಕ್ಕರ್‌ಗಳಿವೆ ಎಂದುಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ಕಳಿಸಿದರೆ ಆ್ಯಪ್ ನಿಧಾನವಾಗುತ್ತದೆ. ಹಾಗಾಗಿ ಮೊದಲು 20 ಮಾತ್ರ ಬರುತ್ತವೆ. ಯಾವ ಕ್ರಮದಲ್ಲಿ ಬೇಕೆಂದು ಪ್ರೋಗ್ರಾಮರ್ ಹೇಳದಿದ್ದರೆ, ಡೇಟಾಬೇಸ್ ತನಗೆ ಸುಲಭವಾದ ಕ್ರಮದಲ್ಲಿ ಕೊಡುತ್ತದೆ. ನೀವು ಬಟನ್ ಒತ್ತಿದಾಗ ಆ್ಯಪ್ ಫೋನಿನ ಮೆಮೊರಿಯಲ್ಲಿರುವ ಆ 20ನ್ನಷ್ಟೇ ಜೋಡಿಸಿದರೆ, 1,100 ರೂಪಾಯಿಯ ಕುಕ್ಕರ್ ಮೇಲೆ ಬರಬಹುದು. 850 ರೂಪಾಯಿಯದು ಡೇಟಾಬೇಸ್‌ನಲ್ಲೇ ಉಳಿದಿರಬಹುದು.

60 ಉತ್ತರಪತ್ರಿಕೆಗಳ ಕಟ್ಟಿನಿಂದ ಮೇಲಿನ 10 ಮಾತ್ರ ತೆಗೆದು ಅಂಕಗಳ ಪ್ರಕಾರ ಜೋಡಿಸಿದರೆ, ಸಿಗುವುದು ಆ ಹತ್ತರಲ್ಲಿ ಮೊದಲಿಗರು. ತರಗತಿಗೆ ಮೊದಲಿಗರೇ ಆಗಬೇಕೆಂದಿಲ್ಲ.

ಸರಿಯಾದ ವಿಧಾನ ಯಾವುದು?

ಮೊದಲು ‘ಆರ್ಡರ್ ಬೈ’ ಎಂದು ಡೇಟಾಬೇಸ್‌ಗೇ ಹೇಳಿ 500ನ್ನೂ ಬೆಲೆಯಂತೆ ಜೋಡಿಸಬೇಕು, ‘ಲಿಮಿಟ್’ ಹಾಕಿ ಮೇಲಿನ 20 ತರಿಸಬೇಕು. ಹಾಗೆಂದು ಮೆಮೊರಿಯಲ್ಲಿ ಜೋಡಿಸುವುದೇ ತಪ್ಪಲ್ಲ. ಪಟ್ಟಿ ಚಿಕ್ಕದಿದ್ದು ಪೂರ್ತಿ ಬಂದಿದ್ದರೆ ಉತ್ತರ ಸರಿಯಾಗಿಯೇ ಇರುತ್ತದೆ.

ನೀವೇನು ಮಾಡಬಹುದು?

ಪಟ್ಟಿಯನ್ನು ಕೆಳಗಿನವರೆಗೆ ಸರಿಸಿ ನೋಡಿ. ಜಾಹೀರಾತುಗಳನ್ನು ಬಿಟ್ಟು, ಮೇಲಿನದಕ್ಕಿಂತ ಕಡಿಮೆ ಬೆಲೆಯದು ಕೆಳಗೆ ಸಿಕ್ಕಿದರೆ ಜೋಡಣೆ ಪೂರ್ತಿಯಾಗಿಲ್ಲ ಎಂದರ್ಥ. ದುಡ್ಡು ಕೊಡುವ ಮುನ್ನ, ಫಾರ್ವರ್ಡ್ ಮಾಡುವ ಮುನ್ನ ಇದೊಂದನ್ನು ನೋಡಿಕೊಳ್ಳಿ.