ಥ್ರೆಡ್ ಲಿನಕ್ಸ್ ಕಡೆ ಹೋಗಿದ್ದೇಕೆ? ಝೆನೊಮೈ ಮೋಡ್ ಸ್ವಿಚ್ ಬಗ್ಗೆ ನಾವು ನಂಬಿಕೊಂಡದ್ದು

ಝೆನೊಮೈ 3ರ ಕೋಬಾಲ್ಟ್‌ನಲ್ಲಿ ಲಿನಕ್ಸ್ ಪಕ್ಕದಲ್ಲೇ ಇನ್ನೊಂದು ಪುಟ್ಟ ಕರ್ನಲ್ ಇರುತ್ತದೆ. ರಿಯಲ್‌ಟೈಮ್ ಥ್ರೆಡ್ ಅದರ ಹಿಡಿತದಲ್ಲಿದ್ದರೆ ಪ್ರೈಮರಿ ಮೋಡ್, ಲಿನಕ್ಸ್ ಕಡೆ ಹೋದರೆ ಸೆಕೆಂಡರಿ. ಈ ದಾಟುವಿಕೆಯೇ ಮೋಡ್ ಸ್ವಿಚ್. ಮಿಲಿಸೆಕೆಂಡಿಗೊಮ್ಮೆ ಮೋಟರ್ ನಡೆಸಬೇಕಾದ ಥ್ರೆಡ್ ಹೀಗೆ ಅತ್ತ ಹೋದರೆ, ಹೊತ್ತಿಗೆ ಸರಿಯಾಗಿ ವಾಪಸಾಗುವ ಖಾತರಿ ಇಲ್ಲ.

ತಪ್ಪು ಕಲ್ಪನೆ: ಪ್ರಯಾರಿಟಿ 99 ಕೊಟ್ಟರೆ ಥ್ರೆಡ್ ಅಲ್ಲಾಡುವುದಿಲ್ಲ.

ವಾಸ್ತವ: ಯಾರು ಮೊದಲು ಓಡಬೇಕು ಎಂಬುದಷ್ಟೇ ಪ್ರಯಾರಿಟಿಯ ಕೆಲಸ. ಲಿನಕ್ಸ್‌ನ ಸಿಸ್ಟಂ ಕಾಲ್ ಮಾಡಿದರೆ, ಪೇಜ್ ಫಾಲ್ಟ್ ಆದರೆ, ಲಿನಕ್ಸ್ ಸಿಗ್ನಲ್ ಬಂದರೆ 99 ಇದ್ದರೂ ಹೋಗಲೇಬೇಕು.

ತಪ್ಪು ಕಲ್ಪನೆ: ಎಂಎಸ್‌ಡಬ್ಲ್ಯು ಕಾಲಂನಲ್ಲಿ ಸೊನ್ನೆ ಇಲ್ಲದಿದ್ದರೆ ಕೋಡ್ ಕೆಟ್ಟಿದೆ ಎಂದರ್ಥ.

ವಾಸ್ತವ: ಪ್ರೋಕ್ ಅಡಿಯಲ್ಲಿ ಝೆನೊಮೈ ಕೊಡುವ ಷೆಡ್ಯೂಲರ್ ಅಂಕಿಅಂಶದಲ್ಲಿ ಮೋಡ್ ಸ್ವಿಚ್ ಎಣಿಸುವ ಈ ಕಾಲಂ ಇದೆ. ಥ್ರೆಡ್ ಶುರುವಾಗುವಾಗ, ಫೈಲ್ ತೆರೆಯುವಾಗ ಆದ ಸ್ವಿಚ್‌ಗಳೂ ಅದರಲ್ಲಿ ಸೇರಿರುತ್ತವೆ, ಅವುಗಳಿಂದ ತೊಂದರೆಯಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ. 4 ಇದ್ದದ್ದು 4 ಆಗಿಯೇ ಇದ್ದರೆ ನೆಮ್ಮದಿ. ಏರುತ್ತಿದ್ದರೆ ಲೂಪಿನೊಳಗೆ ಏನೋ ಇದೆ. ಜೊತೆಗೆ ಪೇಜ್ ಫಾಲ್ಟ್ ಎಣಿಸುವ ಪಿಎಫ್ ಕಾಲಂ ಕೂಡ ಏರಿದರೆ ಮೊದಲ ಅನುಮಾನ ಮೆಮೊರಿಯ ಮೇಲೆ.

ತಪ್ಪು ಕಲ್ಪನೆ: ತಪ್ಪೆಲ್ಲ ಪ್ರಿಂಟ್‌ಎಫ್‌ನದೇ, ಅದನ್ನು ತೆಗೆದರೆ ಮುಗಿಯಿತು.

ವಾಸ್ತವ: ಪಾಪ, ಪ್ರಿಂಟ್‌ಎಫ್! ಝೆನೊಮೈ ಹೇಳುವ ಲಿಂಕರ್ ಫ್ಲ್ಯಾಗ್ ಹಾಕಿದ್ದರೆ, ನಮ್ಮ ಕೋಡಿನ ಪ್ರಿಂಟ್‌ಎಫ್ ಸದ್ದಿಲ್ಲದೆ ರಿಯಲ್‌ಟೈಮ್‌ಗೆ ಒಗ್ಗುವ ಆವೃತ್ತಿಗೆ ಹೋಗುತ್ತದೆ. ಆದರೆ ಮೊದಲೇ ಕಟ್ಟಿಟ್ಟ ಶೇರ್ಡ್ ಲೈಬ್ರರಿಗಳ ಒಳಗೆ ಆ ಫ್ಲ್ಯಾಗ್ ನಡೆಯುವುದಿಲ್ಲ. ಅದಕ್ಕೇ ಸಿ++ನ ಸಿಔಟ್ ನೇರ ಲಿನಕ್ಸ್ ಬಾಗಿಲಿಗೆ ಹೋಗುತ್ತದೆ. ಇನ್ನೂ ಕಿಲಾಡಿ ಮ್ಯಾಲಕ್. ಹೆಚ್ಚಿನ ಸಲ ಕೈಯಲ್ಲಿರುವುದನ್ನೇ ಕೊಡುತ್ತದೆ, ಯಾವಾಗಲೋ ಒಮ್ಮೆ ಮಾತ್ರ ಕರ್ನಲ್ ಬಳಿ ಕೇಳುತ್ತದೆ. ಟೆಸ್ಟ್ ಮಾಡುವಾಗ ಸಿಗದೆ ಗಂಟೆಗಟ್ಟಲೆ ಓಡಿದ ಮೇಲೆ ಕಾಣಿಸುವ ಸ್ವಿಚ್‌ನ ಹಿಂದೆ ಎಷ್ಟೋ ಸಲ ಇರುವುದು, ಲೂಪಿನೊಳಗೆ ಬೆಳೆಯುತ್ತಾ ಹೋಗುವ ಒಂದು ವೆಕ್ಟರ್.

ತಪ್ಪು ಕಲ್ಪನೆ: ಜಿಡಿಬಿಯಲ್ಲಿ ಬ್ರೇಕ್‌ಪಾಯಿಂಟ್ ಇಟ್ಟು ಒಂದೊಂದೇ ಸಾಲು ನಡೆಸಿದರೆ ಜಾಗ ಸಿಗುತ್ತದೆ.

ವಾಸ್ತವ: ಬ್ರೇಕ್‌ಪಾಯಿಂಟ್‌ನಲ್ಲಿ ನಿಲ್ಲುವುದೇ ಒಂದು ಮೋಡ್ ಸ್ವಿಚ್. ಹೀಗೆ ನಾವು ಹಿಡಿಯುವುದು ನಾವೇ ಮಾಡಿದ ಸ್ವಿಚ್ಚನ್ನು. ಬದಲಿಗೆ, ತಯಾರಿಯೆಲ್ಲ ಮುಗಿದು ಲೂಪ್ ಶುರುವಾಗುವ ಮುನ್ನ ಆ ಥ್ರೆಡ್‌ಗೆ ಪಿಥ್ರೆಡ್_ವಾರ್ನ್‌ಎಸ್‌ಡಬ್ಲ್ಯು ಫ್ಲ್ಯಾಗ್ ಹಾಕಬೇಕು. ಮೊದಲೇ ಹಾಕಿದರೆ ತಯಾರಿಯ ಸ್ವಿಚ್‌ಗಳೂ ದೂರು ಹೇಳುತ್ತವೆ. ಥ್ರೆಡ್ ಲಿನಕ್ಸ್ ಕಡೆ ಕಾಲಿಟ್ಟ ಕೂಡಲೇ ಅದಕ್ಕೆ ಸಿಗ್‌ಡೀಬಗ್ ಸಿಗ್ನಲ್ ಬರುತ್ತದೆ. ಕಾರಣ ಸಿಸ್ಟಂ ಕಾಲೋ, ಫಾಲ್ಟೋ, ಸಿಗ್ನಲ್ಲೋ ಎಂಬುದೂ ಅದರಲ್ಲೇ ಇರುತ್ತದೆ. ಹ್ಯಾಂಡ್ಲರ್‌ನಲ್ಲಿ ಬ್ಯಾಕ್‌ಟ್ರೇಸ್ ಅಚ್ಚು ಹಾಕಿಸಿದರೆ ಯಾವ ಫಂಕ್ಷನ್ ಎಂದು ತಿಳಿಯುತ್ತದೆ. ಅಲ್ಲಿ ಅಚ್ಚು ಹಾಕಿಸಲು ಹಿಂಜರಿಕೆ ಬೇಡ, ಅಷ್ಟರಲ್ಲಿ ಥ್ರೆಡ್ ಹೇಗೂ ಸೆಕೆಂಡರಿಯಲ್ಲಿರುತ್ತದೆ.

ತಪ್ಪು ಕಲ್ಪನೆ: ಲಿನಕ್ಸನ್ನೇ ರಿಯಲ್‌ಟೈಮ್ ಮಾಡುವ ಪ್ರೀಎಂಪ್ಟ್-ಆರ್‌ಟಿಗೆ ಹೋದರೆ ಈ ರಗಳೆಯೇ ಇಲ್ಲ.

ವಾಸ್ತವ: 2024ರಲ್ಲಿ ಬಂದ ಲಿನಕ್ಸ್ 6.12ರಿಂದ ಅದು ಮುಖ್ಯ ಕರ್ನಲ್‌ನಲ್ಲೇ ಸಿಗುತ್ತದೆ, ನಿಜ. ಅಲ್ಲಿ ಎರಡು ಮೋಡ್ ಇಲ್ಲ, ಹಾಗಾಗಿ ಸ್ವಿಚ್ಚೂ ಇಲ್ಲ. ಆದರೆ ಮೆಮೊರಿ ಲಾಕ್ ಮಾಡದಿದ್ದರೆ ಪೇಜ್ ಫಾಲ್ಟ್‌ನಿಂದ ಆಗುವ ತಡ ಹಾಗೇ ಉಳಿಯುತ್ತದೆ. ಬೆರಳಿಟ್ಟು ತೋರಿಸಲು ಸಿಗ್‌ಡೀಬಗ್ ಮಾತ್ರ ಇರುವುದಿಲ್ಲ. ಎಫ್‌ಟ್ರೇಸ್ ಹಚ್ಚಿಕೊಂಡು ನಾವೇ ಹುಡುಕಬೇಕು.