ತವರಿನಿಂದ ತಿರುಗಿ ಬಂದ ಮೇಲೆ

ಪರದೇಶಕ್ಕೆ ಮೊದಲ ಸಲ ಹೊರಡುವವರಿಗೆ ಬುದ್ಧಿಮಾತು ಹೇಳುವವರ ಕೊರತೆಯಿಲ್ಲ. ಗಂಟು ಕಟ್ಟುವದು ಹೇಗೆ, ಕಾಗದಪತ್ರಗಳನ್ನು ಜೋಪಾನ ಮಾಡುವದು ಹೇಗೆ ಎಂಬುದನ್ನು ನೆರೆಹೊರೆಯವರೂ ಬಲ್ಲರು. ಆದರೆ ಊರಿಗೆ ಹೋಗಿ, ಒಂದು ತಿಂಗಳು ತಾಯಿಯ ಕೈಯಡಿಗೆ ಉಂಡು, ಪುನಃ ಪರದೇಶದ ಮನೆಯ ಬೀಗ ತೆರೆಯುವವರಿಗೆ ಧೈರ್ಯ ಹೇಳುವವರು ವಿರಳ. ನಮ್ಮ ಅನುಭವದಲ್ಲಿ ಮೊದಲನೆಯ ಪ್ರಯಾಣಕ್ಕಿಂತ ಈ ಮರುಪ್ರಯಾಣವೇ ಕಠಿಣವಾದದ್ದು. ಆದಕಾರಣ ಈ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡಲು ಮನಸ್ಸು ಮಾಡಿದ್ದೇವೆ.

ನಮ್ಮ ಮನೆ ಇರುವದು ವಿಜಾಪುರದ ಸೊಲ್ಲಾಪುರ ರಸ್ತೆಯಲ್ಲಿ. ಊರಿಗೆ 2014ರಿಂದ ವಿಜಯಪುರವೆಂಬ ಹೆಸರು ಬಂದಿದ್ದರೂ ನಮ್ಮ ಹಿರಿಯರ ಬಾಯಲ್ಲಿ ಅದು ಇಂದಿಗೂ ವಿಜಾಪುರವೇ. ಈ ರಸ್ತೆ ಉತ್ತರಕ್ಕೆ ಹೊರಟು, ಹೊರ್ತಿ, ಝಳಕಿಗಳನ್ನು ಹಿಂದೆ ಹಾಕಿ, ಧೂಳಖೇಡದ ಬಳಿಯಲ್ಲಿ ಭೀಮಾನದಿಯನ್ನು ಹಾಯ್ದು, ಸಿದ್ಧರಾಮನ ಊರಾದ ಸೊಲ್ಲಾಪುರವನ್ನು ಸೇರುತ್ತದೆ. ಹಾದಿ ಸುಮಾರು 100 ಕಿಲೋಮೀಟರು. ನಾವು ಕ್ರೈಸ್ತ ಕುಟುಂಬದವರು. ಉದ್ಯೋಗಾರ್ಥವಾಗಿ ದುಬೈಯಲ್ಲಿ ನೆಲೆಸಿದ್ದೇವೆ. ಮುಂಬಯಿಯ ವಿಮಾನಕ್ಕಾಗಿ ರಾತ್ರಿ ಬಸ್ಸು ಹತ್ತಿ ಈ ರಸ್ತೆಯಲ್ಲಿ ಹೋಗುವಾಗಲೆಲ್ಲ ಭೀಮೆಯ ಸೇತುವೆಯ ಮೇಲೆ ನಮ್ಮ ಮನೆಯವರ ಮಾತು ತಾನಾಗಿ ನಿಂತುಬಿಡುತ್ತದೆ.

ಈ ಸಲ ಹೊರಡುವಾಗ ತಾಯಿ ಪ್ರಾರ್ಥನೆ ಮಾಡಿ, ಕಡಕ ರೊಟ್ಟಿಯ ಗಂಟನ್ನೂ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಗಳ ಡಬ್ಬಿಗಳನ್ನೂ ಕೈಗಿತ್ತು, "ನೀವು ಹ್ವಾದ ಮ್ಯಾಲೆ ಈ ಮನಿ ಭಾಳ ದೊಡ್ಡದಾಗತೈತಿ ನೋಡ್ರಪಾ" ಎಂದಷ್ಟೇ ಅಂದರು. ನಮ್ಮೊಡನೆ ಬಂದಿರಿ ಎಂದು ಕರೆದರೆ, ತಂದೆಯವರ ಸಮಾಧಿಯನ್ನೂ ತಮ್ಮ ಸಭೆಯನ್ನೂ ಬಿಟ್ಟು ಬರಲಾರೆನೆನ್ನುತ್ತಾರೆ. ಒತ್ತಾಯಮಾಡುವ ಅಧಿಕಾರ ನಮಗಿಲ್ಲ. ಬಿಟ್ಟು ಬಂದದ್ದು ನಾವಲ್ಲವೇ?

ಹೋದ ವರ್ಷ ತಿರುಗಿ ಬಂದಾಗ ನಾವು ಮಾಡಿದ ತಪ್ಪನ್ನು ಮುಚ್ಚಿಡುವದಿಲ್ಲ. ಮನಸ್ಸು ಭಾರವಾಗಿದೆಯೆಂದು ಹತ್ತು ದಿನ ಪೆಟ್ಟಿಗೆಗಳನ್ನು ಬಿಚ್ಚಲಿಲ್ಲ. ಧ್ವನಿ ಕೇಳಿದರೆ ಅಳು ಬಂದೀತೆಂದು ತಾಯಿಗೆ ದೂರವಾಣಿಯನ್ನೂ ಮಾಡಲಿಲ್ಲ. ಅವರು ಅದನ್ನು ನಮ್ಮ ಸಿಟ್ಟೆಂದು ತಿಳಿದು ತಮ್ಮಿಂದೇನು ತಪ್ಪಾಯಿತೋ ಎಂದು ಕೊರಗಿದರು. ಆಮೇಲೆ ಕರೆಯತೊಡಗಿದೆವಾದರೂ, ಕೆಲಸದಿಂದ ಬಂದು ಊಟ ಮುಗಿಸಿ ಎಂಟು ಗಂಟೆಗೆ ಕರೆದರೆ ವಿಜಾಪುರದಲ್ಲಿ ಒಂಬತ್ತೂವರೆ. ಇಲ್ಲಿಯ ಗಡಿಯಾರ ನಮ್ಮ ದೇಶಕ್ಕಿಂತ ಒಂದೂವರೆ ತಾಸು ಹಿಂದೆ. ಅಷ್ಟರಲ್ಲಿ ಮುದುಕಿಗೆ ನಿದ್ದೆಯ ಮಂಪರು. ಮಾತು ದಿನೇ ದಿನೇ ಗಿಡ್ಡವಾಯಿತು. ಎಂಟು ವರುಷದ ಮಗಳ ನಾಲಗೆಯಿಂದ ಕನ್ನಡವೂ ಜಾರತೊಡಗಿತು. ಕೊನೆಗೆ ಒಂದು ದಿನ ಅಜ್ಜಿ, "ಕೂಸು ಏನಂತೈತಿ, ನೀನರೆ ಹೇಳಪಾ" ಎಂದು ಮಗನನ್ನು ಕೇಳಬೇಕಾಯಿತು. ಅಜ್ಜಿ ಮೊಮ್ಮಗಳ ನಡುವೆ ದ್ವಿಭಾಷಿಯೊಬ್ಬ ಬೇಕಾದನಲ್ಲಾ ಎಂಬ ಸಂಕಟ ನಮ್ಮನ್ನು ಆ ರಾತ್ರಿ ನಿದ್ರೆಗೊಡಲಿಲ್ಲ.

ಇಂಥ ಹೊತ್ತಿನಲ್ಲಿ ನಮಗೆ ನೆನಪಾದವರು, ನಮ್ಮ ಹಾದಿಯನ್ನೇ ತಿರುವು ಮುರುವಾಗಿ ನಡೆದ ಜನರು. ನಮಗೆ ತವರಾದ ಕನ್ನಡನಾಡು ಅವರಿಗೆ ಪರದೇಶವಾಗಿತ್ತು. 1815ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದರು. ಮುಂದೆ ವಿಜಾಪುರದಲ್ಲಿಯೂ ಅವರ ಕೆಲಸ ನಡೆಯಿತು. ಆ ಕಾಲದಲ್ಲಿ ತವರಿನ ಪ್ರಯಾಣವೆಂದರೆ ತಿಂಗಳುಗಳ ಮಾತು. ಸುಯೆಜ್ ಕಾಲುವೆ ತೆರೆದದ್ದೇ 1869ರಲ್ಲಿ. ಅದಕ್ಕಿಂತಲೂ ಘೋರವಾದದ್ದು ಮಕ್ಕಳ ಅಗಲಿಕೆ. ಶಾಲೆಯ ವಯಸ್ಸು ಬರುತ್ತಲೇ ಮಕ್ಕಳನ್ನು ಯುರೋಪಿಗೆ ಕಳುಹಿಸಿ, ತಂದೆತಾಯಿಗಳು ಇಲ್ಲಿಯೇ ಉಳಿಯುತ್ತಿದ್ದರು. ಮಲೆಯಾಳ ಭಾಷೆಯ ಕೋಶವನ್ನು ರಚಿಸಿದ ಹರ್ಮನ್ ಗುಂಡರ್ಟರ ಮಗಳು ಮಾರಿ 1842ರಲ್ಲಿ ತಲಚೇರಿಯಲ್ಲಿ ಹುಟ್ಟಿದಳು. ಎಳೆವಯಸ್ಸಿನಲ್ಲಿಯೇ ಯುರೋಪಿನಲ್ಲಿ ಬಿಡಲ್ಪಟ್ಟ ಆಕೆ ಪುನಃ ಭಾರತಕ್ಕೆ ಬಂದದ್ದು 1857ರಲ್ಲಿ, ಹದಿನೈದನೆಯ ವರುಷಕ್ಕೆ. ಈಕೆಯೇ ಮುಂದೆ 'ಸಿದ್ಧಾರ್ಥ' ಕಾದಂಬರಿಯ ಕರ್ತನಾದ ಹರ್ಮನ್ ಹೆಸ್ಸೆಯ ತಾಯಿಯಾದಳು.

ಕನ್ನಡಿಗರಿಗೆ ಚಿರಪರಿಚಿತರಾದ ಫರ್ಡಿನಂಡ್ ಕಿಟ್ಟೆಲರ ಕಥೆಯೂ ಹೀಗೆಯೇ. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿ 1853ರಲ್ಲಿ ಭಾರತಕ್ಕೆ ಬಂದ ಇವರು ಕ್ರಿಸ್ತಚರಿತ್ರವನ್ನು ಕನ್ನಡ ಪದ್ಯದಲ್ಲಿ 'ಕಥಾಮಾಲೆ'ಯೆಂದು ರಚಿಸಿದರು. ಕೇಶಿರಾಜನ 'ಶಬ್ದಮಣಿದರ್ಪಣ'ವನ್ನೂ ನಾಗವರ್ಮನ 'ಛಂದೋಂಬುಧಿ'ಯನ್ನೂ ಸಂಪಾದಿಸಿದರು. 1864ರಲ್ಲಿ ಹೆಂಡತಿ ಪೌಲೀನಳನ್ನು ಕಳೆದುಕೊಂಡರು. ಮುಂದೆ ಆಕೆಯ ತಂಗಿ ಜೂಲಿಯನ್ನು ಮದುವೆಯಾದರು. 1877ರಲ್ಲಿ ಜರ್ಮನಿಗೆ ತಿರುಗಿ ಹೋದವರು, ನಿಘಂಟಿನ ಕೆಲಸಕ್ಕಾಗಿ ಸಂಸಾರವನ್ನು ಅಲ್ಲಿಯೇ ಬಿಟ್ಟು 1883ರಲ್ಲಿ ಒಬ್ಬರೇ ಪುನಃ ಬಂದರು. ತವರಿನ ಸುಖವನ್ನು ಕಂಡು ತಿರುಗಿ ಬಂದವನಿಗೆ ಬೇಸರ ಬಂದಿರಲಾರದೆ? ಆದರೂ 1894ರಲ್ಲಿ ಸುಮಾರು 70,000 ಶಬ್ದಗಳ ಕೋಶ ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂತು. 1903ರಲ್ಲಿ ಅವರು ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡರು.

ಪರಭಾಷೆಯವನೊಬ್ಬನು ನಮ್ಮ ನುಡಿಯ ಒಂದೊಂದು ಮಾತನ್ನೂ ಆಯ್ದು ಕೂಡಿಡಲು ಹೆಂಡಿರು ಮಕ್ಕಳನ್ನಗಲಿ ವರುಷಗಟ್ಟಲೆ ಕೂತನು. ನಾವೋ, ಮಗಳೊಬ್ಬಳ ಬಾಯಲ್ಲಿ ನೂರು ಮಾತುಗಳನ್ನು ಉಳಿಸಲು ದಿನಕ್ಕೆ ಅರ್ಧ ತಾಸು ಕೊಡಲಾರೆವೇ? ಈ ವಿಚಾರ ಬಂದ ಮೇಲೆ ಈ ವರ್ಷ ನಮ್ಮ ಕ್ರಮವನ್ನು ಬದಲಿಸಿದೆವು.

ಮೊದಲನೆಯದಾಗಿ, ಬಂದ ದಿನವೇ ಪೆಟ್ಟಿಗೆಗಳನ್ನು ಬಿಚ್ಚಿದೆವು. ಕಟ್ಟಿಟ್ಟ ಗಂಟು ಕಣ್ಣೆದುರಿಗಿದ್ದರೆ ಮನಸ್ಸೂ ಕಟ್ಟಿದಂತೆಯೇ ಇರುತ್ತದೆ. ಎರಡನೆಯದಾಗಿ, ರೊಟ್ಟಿಯ ಗಂಟನ್ನು ತಿಂಗಳುಗಟ್ಟಲೆ ಬಚ್ಚಿಟ್ಟು ಮುಗ್ಗಲು ಬಿಡದೆ, ಮೊದಲನೆಯ ವಾರದಲ್ಲಿಯೇ ನೆರೆಯವರೊಡನೆ ಹಂಚಿ ಉಂಡೆವು. ಹಂಚಿದ ಅನ್ನದಿಂದ ಪರಕೀಯ ಓಣಿಯೂ ಅರ್ಧ ನಮ್ಮದಾಗುವದು. ಮೂರನೆಯದಾಗಿ, ಬಂದ ವಾರವೇ ದೇವಾಲಯಕ್ಕೆ ಹೋದೆವು. ಇಲ್ಲಿ ಮೊದಲು ವಾರದ ರಜೆ ಶುಕ್ರವಾರವಿದ್ದುದರಿಂದ ಕ್ರೈಸ್ತರ ದೊಡ್ಡ ಆರಾಧನೆಯೂ ಅಂದೇ ಆಗುತ್ತಿತ್ತು. 2022ರ ಜನವರಿಯಿಂದ ರಜೆ ಶನಿವಾರ ರವಿವಾರಗಳಿಗೆ ಬದಲಾಗಿದೆ. ಹೀಗಾಗಿ ರವಿವಾರ ಮುಂಜಾನೆ ತಾಯಿ ವಿಜಾಪುರದಲ್ಲಿ ಆರಾಧನೆಗೆ ಹೊರಡುವ ದಿನವೇ ನಾವೂ ಹೊರಡುತ್ತೇವೆ. ಇದು ಸಣ್ಣ ಮಾತೆಂದು ತೋರಬಹುದು. ತಾಯಿಗೆ ಮಾತ್ರ ಇದು ಸಣ್ಣದಾಗಿಲ್ಲ.

ನಾಲ್ಕನೆಯದೇ ಮುಖ್ಯವಾದದ್ದು. ದೂರವಾಣಿಯ ಹೊತ್ತನ್ನು ನಮ್ಮ ಅನುಕೂಲದಂತಲ್ಲ, ಅವರ ಅನುಕೂಲದಂತೆ ಇಟ್ಟೆವು. ಇಲ್ಲಿ ಆರು ಗಂಟೆ, ಅಲ್ಲಿ ಏಳೂವರೆ. ಆಗ ಅಜ್ಜಿ ಕನ್ನಡ ಬೈಬಲನ್ನು ತೆರೆದು ಕೀರ್ತನೆಯ ಒಂದು ವಚನವನ್ನೋದುವರು; ಮೊಮ್ಮಗಳು ಮುಂದಿನದನ್ನೋದುವಳು. ಮೊದಲ ದಿನಗಳಲ್ಲಿ ಒತ್ತಕ್ಷರ ಕಂಡಲ್ಲಿ ಎಡವುತ್ತಿದ್ದಳು. ತಾಯಿ ಸಿಡುಕದೆ ತಿದ್ದುವರು. ಓದು ಮುಗಿದ ಮೇಲೆ ಅಂಗಳದ ಬೇವಿನ ಗಿಡ, ನೆರೆಮನೆಯ ಆಕಳ ಕರು, ರೊಟ್ಟಿ ತಟ್ಟುವ ಹದ ಇವೇ ಮಾತು. ಇದಕ್ಕಾಗಿ ನಮ್ಮಲ್ಲೊಬ್ಬರು ಸಂಜೆಯ ಹೆಚ್ಚಿನ ಕೆಲಸವನ್ನೂ ಅದರ ಸಂಬಳವನ್ನೂ ಬಿಡಬೇಕಾಯಿತು. ನಷ್ಟವಾಯಿತೆಂದು ಇಂದಿನವರೆಗೆ ನಮಗನಿಸಿಲ್ಲ.

ಇದರಿಂದ ತಾಯಿಯ ಮನೆ ಚಿಕ್ಕದಾಯಿತೆಂದು ಹೇಳಲಾರೆವು. ಮಕ್ಕಳಿಲ್ಲದ ಮನೆಯ ಬರಿದನ್ನು ದೂರವಾಣಿ ತುಂಬಲಾರದು. ಅಂಥ ಸಮಾಧಾನವನ್ನು ವಾಚಕರಿಗೆ ಹೇಳಿದರೆ ಅದು ಸುಳ್ಳಾದೀತು. ಆದರೆ ಮೊನ್ನೆ ಓದು ಮುಗಿದ ಮೇಲೆ ಅಜ್ಜಿ ಏನೋ ಅಂದರು. ಮಗಳು ಕಿಲಕಿಲನೆ ನಕ್ಕು, ಸೊಲ್ಲಾಪುರ ರಸ್ತೆಯ ಕನ್ನಡದಲ್ಲಿಯೇ ಉತ್ತರ ಕೊಟ್ಟಳು. ಅಡಿಗೆಯ ಮನೆಯಲ್ಲಿದ್ದ ನಮಗೆ ಮಾತು ಪೂರ್ತಿ ಕೇಳಿಸಲಿಲ್ಲ. ಏನೆಂದು ವಿಚಾರಿಸಿದರೆ, "ಅದು ನನಗೂ ಅಜ್ಜಿಗೂ ಇದ್ದದ್ದು" ಎಂದಳು.

ದ್ವಿಭಾಷಿಯ ಕೆಲಸ ತೀರಿತೆಂದು ನಾವು ಸಂತೋಷದಿಂದ ಸುಮ್ಮನಾದೆವು.