ಭಾಂಡೆ - ಭಂಡಾರ - ಭಂಡಾರಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಮನೆಮಾತಿನಲ್ಲಿ ನೀರಿನ ಕೊಡ, ಕಾಳಿನ ಗಡಿಗೆ, ಅಡಿಗೆಯ ಬೋಗುಣಿ ಇವೆಲ್ಲಕ್ಕೂ ಒಟ್ಟಾಗಿ ಸಲ್ಲುವ ಹೆಸರು ‘ಭಾಂಡೆ’. ‘ಭಾಂಡೆ ತಿಕ್ಕುವುದು’ ಅಲ್ಲಿಯ ನಿತ್ಯದ ಮಾತು. ಇದು ಮರಾಠಿಯ ಸಹವಾಸದಿಂದ ಬಂದ ಹಳ್ಳಿಮಾತೆಂದು ಬಗೆದು ವಿದ್ಯಾರ್ಥಿಗಳು ಬರವಣಿಗೆಯಲ್ಲಿ ‘ಪಾತ್ರೆ’ ಎಂದು ತಿದ್ದಿಕೊಳ್ಳುವುದುಂಟು. ಆದರೆ ಪಾತ್ರೆಯ ಮೂಲ ಸಂಸ್ಕೃತದ ‘ಪಾತ್ರ’ವಾದರೆ, ಭಾಂಡೆಯ ಮೂಲ ಸಂಸ್ಕೃತದ್ದೇ ಆದ ‘ಭಾಂಡ’. ಮರಾಠಿಯ ಭಾಂಡೆಗೂ ಅದೇ ಮೂಲ. ಆದುದರಿಂದ ಒಂದು ಶಿಷ್ಟ, ಇನ್ನೊಂದು ಹೀನವೆಂಬ ಭೇದಕ್ಕೆ ಆಧಾರವಿಲ್ಲ.

ಸಂಸ್ಕೃತದಲ್ಲಿ ಭಾಂಡ ಶಬ್ದಕ್ಕೆ ಪಾತ್ರೆ, ಸರಕು, ಮೂಲಧನ ಎಂಬ ಅರ್ಥಗಳಿವೆ. ತುಂಬುವ ವಸ್ತುವಿನ ಹೆಸರು ತುಂಬಿದ ವಸ್ತುವಿಗೂ ಸಂದಿತು. ಭಾಂಡಗಳನ್ನಿರಿಸುವ ಆಗಾರ, ಅಂದರೆ ಮನೆ, ‘ಭಾಂಡಾಗಾರ’. ಪ್ರಾಕೃತದಲ್ಲಿ ಅನುಸ್ವಾರದ ಹಿಂದಿನ ದೀರ್ಘವು ಹ್ರಸ್ವವಾಗಿ, ನಡುವಣ ಗಕಾರವು ಲೋಪವಾಗಿ ‘ಭಂಡಾರ’ವೆಂಬ ರೂಪ ಸಿದ್ಧಿಸಿತು. ಅದನ್ನು ಕಾಯುವವನು ಭಂಡಾರಿ. ನಾಚಿಕೆಗೆಟ್ಟವನೆಂಬರ್ಥದ ‘ಭಂಡ’ ಬೇರೆಯೇ ಶಬ್ದ, ಎರಡನ್ನೂ ಬೆರೆಸಲಾಗದು.

ಈ ಶಬ್ದದ ಹಿರಿಮೆಗೆ ಚಿತ್ತಾಪುರದ ಸಮೀಪದ ನಾಗಾವಿಯೇ ಸಾಕ್ಷಿ. ಕಲ್ಯಾಣ ಚಾಲುಕ್ಯರ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದ, ಕ್ರಿ. ಶ. ೧೦೫೮ರ ಅಲ್ಲಿಯ ಶಾಸನವು ಘಟಿಕಾಸ್ಥಾನದ ವ್ಯವಸ್ಥೆಯನ್ನು ವಿವರಿಸುತ್ತದೆ. ವೇದಾಧ್ಯಯನಕ್ಕೆ ೨೦೦, ಶಾಸ್ತ್ರಾಧ್ಯಯನಕ್ಕೆ ೫೨ ವಿದ್ಯಾರ್ಥಿಗಳಿದ್ದ ಆ ವಿದ್ಯಾಕೇಂದ್ರದಲ್ಲಿ ಗ್ರಂಥಗಳನ್ನು ನೋಡಿಕೊಳ್ಳಲು ೬ ಮಂದಿ ‘ಸರಸ್ವತೀ ಭಂಡಾರಿಗ’ರಿದ್ದರು. ಕಾಳುಕಡಿ, ಹೊನ್ನುಗಳ ಮನೆಗೆ ಸಲ್ಲುತ್ತಿದ್ದ ಹೆಸರು ಇಲ್ಲಿ ಓಲೆಗರಿಗಳ ಮನೆಗೆ ಸಂದಿದೆ.

ಮುಂದೆ ೧೨ನೆಯ ಶತಮಾನದಲ್ಲಿ ಬಸವಣ್ಣನವರು ಕಲ್ಯಾಣದ ಬಿಜ್ಜಳನಲ್ಲಿ ಭಂಡಾರಿಗಳಾದರು. ಅರಸನ ಹೊನ್ನು ಜಂಗಮದಾಸೋಹಕ್ಕೆ ಸವೆಯುತ್ತಿದೆಯೆಂಬ ದೂರು ಬಂದಾಗ ಭಂಡಾರವನ್ನು ಪರೀಕ್ಷಿಸಲಾಯಿತೆಂದೂ ಅದರಲ್ಲಿ ಏನೂ ಕಡಮೆಯಾಗಿರಲಿಲ್ಲವೆಂದೂ ಬಸವಪುರಾಣದ ಕಥೆ ಹೇಳುತ್ತದೆ. ಈ ಕಥೆಯ ಸಾರವನ್ನರಿಯಲು ಭಂಡಾರಿ ಶಬ್ದದ ಅರ್ಥ ಸ್ಪಷ್ಟವಿರಬೇಕು. ಭಂಡಾರಿ ಧನಿಕನಲ್ಲ, ಒಡೆಯನೂ ಅಲ್ಲ. ಒಡೆಯನ ಒಡವೆಗೆ ಲೆಕ್ಕ ಒಪ್ಪಿಸಬೇಕಾದವನು. ಭಕ್ತರು ಅವರನ್ನು ‘ಭಕ್ತಿಭಂಡಾರಿ’ ಎಂದು ಕೊಂಡಾಡುವಾಗ, ಭಕ್ತಿಯಲ್ಲಿ ಸಿರಿವಂತರೆಂದಷ್ಟೇ ತಿಳಿದರೆ ಅರ್ಥ ಅರೆಯಾಗುತ್ತದೆ. ಕೂಡಲಸಂಗಮನ ಸೊತ್ತನ್ನು ಸವೆಯದಂತೆ ಕಾದು, ಸಲ್ಲಬೇಕಾದವರಿಗೆ ಸಲ್ಲಿಸಿದವರು ಎಂಬ ಭಾವವೂ ಅದರಲ್ಲಿ ಅಡಗಿದೆ.

ಭಾಂಡೆಯೂ ಅಷ್ಟೇ. ತುಂಬಿದ್ದನ್ನು ಅದು ತಾನು ಉಣ್ಣುವುದಿಲ್ಲ, ಉಣ್ಣುವವರಿಗಾಗಿ ಇರಿಸಿಕೊಂಡಿರುತ್ತದೆ. ಕಲಬುರಗಿಯ ಅಡಿಗೆಮನೆಯ ಈ ಮಾತನ್ನು ತಿದ್ದುವ ಅಗತ್ಯವಿಲ್ಲ. ತಿಳಿದು ಬಳಸಿದರೆ ಸಾಕು.